ತಾಳಮದ್ದಲೆಯಲ್ಲಿ ನೆಬ್ರಾಸ್ಕ

ನಾನು ಮುಂಗೋಪಿ. ನನ್ನ ಹೆಂಡತಿ ವಿನೋದಾ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಕೋಪದಲ್ಲಿ ಆಡಿದ ಮಾತುಗಳಲ್ಲಿ ಒಂದನ್ನು ಬಿಟ್ಟರೆ ಉಳಿದ ಯಾವುದಕ್ಕೂ ನನಗೆ ಪಶ್ಚಾತ್ತಾಪವಿಲ್ಲ. ಆ ಒಂದು ಮಾತನ್ನು ಆಡಿದ್ದು ೧೯೯೬ರ ಜನವರಿ ಎರಡರಂದು, ಟೊರೆನ್ಸಿನ ನಮ್ಮ ಮನೆಯಲ್ಲಿ, ಶಿವರಾಮನಿಗೆ.

ಶಿವರಾಮನ ಮನೆ ಸ್ಯಾನ್ ಡಿಯಾಗೊದ ರಾಂಚೊ ಬರ್ನಾರ್ಡೊದಲ್ಲಿ. ಟೆಲಿಫೋನ್ ಉಪಕರಣಗಳ ಕಂಪನಿಯೊಂದರಲ್ಲಿ ಎಂಜಿನಿಯರ್. ನಾನು ಕಾರ್ಕಳದ ಹತ್ತಿರದ ಹಳ್ಳಿ ಶಾಲೆಯಲ್ಲಿ ಏಳನೆಯ ಕ್ಲಾಸು ಓದಿ, ಬೊಂಬಾಯಿಯಲ್ಲಿ ಲೇತ್ ಕಲಿತು, ಎಪ್ಪತ್ತೇಳರಲ್ಲಿ ಲಾಸ್ ಏಂಜಲೀಸಿಗೆ ಬಂದವನು. ಇಲ್ಲಿಯ ಮೆಶಿನ್ ಶಾಪಿನಲ್ಲಿ ವಿಮಾನದ ಬಿಡಿಭಾಗ ಕಡೆಯುತ್ತೇನೆ. ಹದಿನೆಂಟು ವರ್ಷದಿಂದ ನಮ್ಮಿಬ್ಬರನ್ನು ಕಟ್ಟಿಹಾಕಿದ್ದು ಎರಡು ಸಂಗತಿ. ಇಬ್ಬರೂ ಕರಾವಳಿಯವರು, ವೇಷ ಕಟ್ಟದೆ ಕುಳಿತೇ ಆಡುವ ಯಕ್ಷಗಾನವಾದ ತಾಳಮದ್ದಲೆಯಲ್ಲಿ ಪಾತ್ರವಾಗಿ ಅರ್ಥ ಹೇಳುವವರು. ಮತ್ತೆ, ಇಬ್ಬರಿಗೂ ಇಲ್ಲಿಯ ಕಾಲೇಜು ಫುಟ್ಬಾಲಿನ ಹುಚ್ಚು.

ಫುಟ್ಬಾಲ್ ಎಂದರೆ ನಮ್ಮೂರಿನ ಕಾಲ್ಚೆಂಡಲ್ಲ. ತೆಂಗಿನಕಾಯಿಯಂಥ ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಓಡುವುದು, ಓಡುವವನನ್ನು ಎದುರಿನವರು ಕೆಡವುವುದು. ಕಾಲೇಜು ಹುಡುಗರ ಈ ಆಟಕ್ಕೆ ಲಕ್ಷ ಜನ ಸೇರುತ್ತಾರೆ. ವರ್ಷಗಟ್ಟಲೆ ಗೆಲ್ಲುತ್ತ ಹೋಗುವ ಕಾಲೇಜನ್ನು ಇಲ್ಲಿಯವರು ಡೈನಾಸ್ಟಿ ಎನ್ನುತ್ತಾರೆ, ನಾವು ಕದಂಬರು, ಚಾಲುಕ್ಯರು ಎಂದ ಹಾಗೆ. ಎಲ್ಲರಿಗಿಂತ ದೊಡ್ಡ ವಂಶ ಯಾವುದು ಎಂಬುದೇ ನಮ್ಮ ಮುಗಿಯದ ಜಗಳ. ನನ್ನದು ಇಲ್ಲಿಯ ಯು.ಎಸ್.ಸಿ., ಟ್ರೋಜನ್ನರು. ನನ್ನ ಮೊದಲ ಫೋರ್‌ಮನ್ ಎಪ್ಪತ್ತೆಂಟರಲ್ಲಿ ನನ್ನನ್ನು ಅವರ ಮೈದಾನ ಕೊಲಿಸಿಯಮ್ಮಿಗೆ ಕರೆದುಕೊಂಡು ಹೋಗಿ ಕೂರಿಸಿದ. ಅವತ್ತಿನಿಂದ ಬೇರೆ ಟೀಮು ನನಗಿಲ್ಲ. ಶಿವರಾಮ ನೆಬ್ರಾಸ್ಕದ ಲಿಂಕನ್ನಿನಲ್ಲಿ ಎಂ.ಎಸ್. ಮಾಡಿದವನು. ಅವನು ಹಿಮದಲ್ಲಿ ನಡುಗುತ್ತಿದ್ದ ಕಾಲಕ್ಕೇ, ಎಪ್ಪತ್ತು, ಎಪ್ಪತ್ತೊಂದರಲ್ಲಿ, ನೆಬ್ರಾಸ್ಕ ಎರಡು ವರ್ಷ ಸಾಲಾಗಿ ದೇಶ ಗೆದ್ದಿತ್ತು.

ಆ ಸಂಜೆ ನೆಬ್ರಾಸ್ಕ ಮತ್ತು ಫ್ಲೋರಿಡಾದ ಫೈನಲ್. ಶಿವರಾಮ ಹೆಂಡತಿ ಕಲಾವತಿಯೊಂದಿಗೆ ಬಂದಿದ್ದ. ಕೈಯಲ್ಲಿ ಒಂದು ನೀಲಿ ಫೈಲು. ಅದರಲ್ಲಿ ವರ್ಷವಾರು ಸೋಲು, ಗೆಲುವು, ಎಷ್ಟು ಪಾಯಿಂಟಿನ ಅಂತರ, ಎಲ್ಲವನ್ನೂ ಮುತ್ತಿನಂಥ ಅಕ್ಷರದಲ್ಲಿ ಬರೆದಿಟ್ಟಿದ್ದ. ಹಿಂದಿನ ದಿನವಷ್ಟೇ ನನ್ನ ಯು.ಎಸ್.ಸಿ. ರೋಸ್ ಬೌಲ್ ಪಂದ್ಯ ಗೆದ್ದಿತ್ತು. ನಾನು ಉಬ್ಬಿಕೊಂಡೇ ಇದ್ದೆ.

ನೆಬ್ರಾಸ್ಕ ಅರವತ್ತೆರಡು ಹೊಡೆಯಿತು. ಫ್ಲೋರಿಡಾ ಇಪ್ಪತ್ತನಾಲ್ಕು. ಹಿಂದಿನ ವರ್ಷದ ಕಿರೀಟವೂ ನೆಬ್ರಾಸ್ಕದ್ದೇ.

"ನೋಡಿದ್ರಾ ಲೋಕಣ್ಣ? ಬರೀ ಓಡಿಯೇ ಐನೂರ ಇಪ್ಪತ್ತನಾಲ್ಕು ಗಜ! ಇನ್ನು ನಿಮ್ಮ ಟ್ರೋಜನ್ನರನ್ನು ಮ್ಯೂಸಿಯಮ್ಮಿನಲ್ಲಿ ಇಡ್ಲಿಕ್ಕೆ ಅಡ್ಡಿಲ್ಲ" ಎಂದ ಶಿವರಾಮ.

"ಎರಡು ವರ್ಷ ಗೆದ್ದವರೆಲ್ಲ ವಂಶವಾ? ನಮ್ಮದು ಐದು ಕಿರೀಟ."

"ಅದಕ್ಕೆ ಎಷ್ಟು ವರ್ಷ ತಕೊಂಡ್ರಿ? ಓಟ ನೋಡಿ ಮಾರ್ರೆ, ಓಟ. ಹೀಗೆ ಓಡಿದ ಟೀಮು ಹುಟ್ಟಿಲ್ಲ."

ನನ್ನ ತಲೆಗೆ ರಕ್ತ ಏರಿತು. "ಓಟದ ಸುದ್ದಿ ನೀನು ಮಾತಾಡಬೇಡ ಮಾರಾಯ. ಆ ಕಾಲು ಇಟ್ಟುಕೊಂಡು ನಿನಗೆಂತ ಗೊತ್ತು ಓಟ?"

ಶಿವರಾಮನ ಎಡಗಾಲು ಪೋಲಿಯೊದಲ್ಲಿ ಹೋದದ್ದು. ಮೂರನೆಯ ವಯಸ್ಸಿಗೆ. ಹದಿನೆಂಟು ವರ್ಷದಲ್ಲಿ ಆ ಕಾಲಿನ ಮಾತು ನಮ್ಮ ನಡುವೆ ಬಂದೇ ಇರಲಿಲ್ಲ.

ಅವನು ಕಾರಿನ ಕೀ ಹುಡುಕಿಕೊಂಡ. "ಕಲಾ, ಹೊರಡುವ" ಎಂದ. ಅವರ ಕಾರು ತಿರುವಿನಲ್ಲಿ ಮರೆಯಾದ ಮೇಲೆ ನೋಡಿದರೆ ನೀಲಿ ಫೈಲು ಸೋಫಾದ ಮೇಲೆಯೇ ಉಳಿದಿತ್ತು.

ನಮ್ಮ ಶಾಲೆಯ ಹೆಡ್ ಮಾಸ್ತರರೇ ನನಗೆ ಅರ್ಥಗಾರಿಕೆ ಕಲಿಸಿದವರು. ಅವರು ಕಲಿಸಿದ್ದು ಒಂದೇ ಕಾನೂನು: "ಪಾತ್ರಕ್ಕೆ ಹೊಡಿ, ಆಳಿಗೆ ಹೊಡೆಯಬೇಡ." ಎದುರಿನವನು ಕರ್ಣನಾದರೆ ಕರ್ಣನನ್ನು ಹುಟ್ಟಿನಿಂದ ಸಾವಿನವರೆಗೆ ಜಾಲಾಡಬಹುದು. ಕರ್ಣನ ಅರ್ಥ ಹೇಳುವ ಮನುಷ್ಯನ ಮನೆ, ಮೈ, ಜಾತಿ, ಕಸುಬು ಯಾವುದನ್ನೂ ಮುಟ್ಟುವ ಹಾಗಿಲ್ಲ. ಮುಟ್ಟಿದವನನ್ನು ಮರುದಿನ ಯಾರೂ ಕೂಟಕ್ಕೆ ಕರೆಯುವುದಿಲ್ಲ. ನಾನು ಮುಟ್ಟಿದ್ದೆ.

ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ಅವನ "ಹಲೋ" ಕೇಳಿ ಇಟ್ಟುಬಿಟ್ಟೆ. ನನಗೆ ಬೈಯಲು ಸಾವಿರ ಮಾತು ಬರುತ್ತದೆ, ಇದೊಂದು ಮಾತು ಬರಲಿಲ್ಲ. ವಿನೋದಾ ಮಾತ್ರ ಕಲಾವತಿಯೊಂದಿಗೆ ವಾರಕ್ಕೊಮ್ಮೆ ಮಾತಾಡುತ್ತಿದ್ದಳು. ಫೋನ್ ಇಟ್ಟ ಮೇಲೆ ನನ್ನ ಕಡೆ ತಿರುಗಿ ಹೇಳುತ್ತಿದ್ದಳು: "ವಿಮಾನಕ್ಕೆ ಅಷ್ಟು ಪಾರ್ಟ್ಸ್ ಕಡೀತೀರಿ. ನಿಮ್ಮ ಬಾಯಿಗೊಂದು ಬ್ರೇಕ್ ಕಡೆದು ಹಾಕ್ಕೊಳ್ಳಿ."

ಹತ್ತು ತಿಂಗಳು ಹೀಗೆ ಹೋಯಿತು.

ಅಕ್ಟೋಬರಿನ ಕೊನೆಯಲ್ಲಿ ಕಲ್ವರ್ ಸಿಟಿಯಿಂದ ವಿಶ್ವೇಶ್ವರ ಫೋನ್ ಮಾಡಿದ. ಅವನು ನಮ್ಮ ಭಾಗವತ. ಪದ್ಯ ಹಾಡುವವನು, ಕೂಟ ನಡೆಸುವವನು. "ಲೋಕಯ್ಯನವರೇ, ಹೋದ ವರ್ಷದ ರಾಜ್ಯೋತ್ಸವ ನೆನಪುಂಟಾ? ನಾವು ಕೃಷ್ಣಸಂಧಾನ ಮಾಡುವಾಗ ಮಕ್ಕಳೆಲ್ಲ ಪಾರ್ಕಿಂಗ್ ಲಾಟಿನಲ್ಲಿ ಇದ್ರು. ಈ ಸಲ ಅವರಿಗೆ ಗೊತ್ತಿರುವ ಪ್ರಸಂಗ ಮಾಡುವ ಅಂತ. ಫುಟ್ಬಾಲ್ ವಂಶಗಳ ಸಂವಾದ. ಪದ್ಯ ನಾನೇ ಬರೆದಿದ್ದೇನೆ."

"ಹುಚ್ಚು ಹಿಡಿದಿದೆಯಾ ನಿನಗೆ?"

"ನಿಮಗೆ ನೆಬ್ರಾಸ್ಕ. ಟ್ರೋಜನ್ ಶಿವರಾಮ."

"ಉಲ್ಟಾ ಆಯಿತಲ್ಲ ಮಾರಾಯ! ನನಗೆ ನೆಬ್ರಾಸ್ಕವಾ?"

"ಭಾಗವತ ಕೊಟ್ಟ ಪಾತ್ರ. ಬೇಡ ಅನ್ಲಿಕ್ಕುಂಟಾ?"

ಇರಲಿಲ್ಲ. ನಿನ್ನೆಯ ಭೀಮ ಇವತ್ತು ದುರ್ಯೋಧನನಾಗಬೇಕಾದರೆ ಆಗಲೇಬೇಕು. ಆಮೇಲೆ ಮೆಲ್ಲಗೆ ಕೇಳಿದೆ: "ಶಿವರಾಮ ಒಪ್ಪಿದನಾ?"

"ನಿಮ್ಮ ಎದುರು ಅಂತ ಹೇಳಿದ್ದೇನೆ. ಪದ್ಯ ಕಳಿಸಿ ಅಂದ್ರು."

ನೆಬ್ರಾಸ್ಕದ ಪರ ಮಾತಾಡಲು ನನ್ನ ಬಳಿ ಏನಿತ್ತು? ನೀಲಿ ಫೈಲು ಇತ್ತು. ಹತ್ತು ತಿಂಗಳು ಕಪಾಟಿನ ಮೇಲಿದ್ದ ಅದನ್ನು ಇಳಿಸಿ, ಊಟದ ಬಿಡುವಿನಲ್ಲಿ ಶಾಪಿನ ಬೆಂಚಿನ ಮೇಲೆ ಹರಡಿಕೊಂಡು ಬಾಯಿಪಾಠ ಮಾಡಿದೆ. ಜನವರಿಯಲ್ಲಿ ನಾನು ಕೂಗಿ ಮುಚ್ಚಿಸಿದ್ದ ಲೆಕ್ಕಗಳೆಲ್ಲ ಅಲ್ಲಿದ್ದವು. ಓದುತ್ತ ಹೋದರೆ ಹೌದೆನಿಸುತ್ತಿತ್ತು, ಅದು ಇನ್ನೂ ಸಿಟ್ಟು ಬರಿಸುತ್ತಿತ್ತು. ಕೊನೆಗೆ ಒಂದು ಹಾಳೆ ಸಿಕ್ಕಿತು. ಮೇಲೆ ‘ಟ್ರೋಜನ್’ ಎಂದು ಬರೆದಿತ್ತು. ನಾನು ಇಷ್ಟು ವರ್ಷ ಹೇಳಿದ ಕತೆಗಳನ್ನೆಲ್ಲ ಶಿವರಾಮ ಅದರಲ್ಲಿ ಇಳಿಸಿಕೊಂಡಿದ್ದ. ಎಪ್ಪತ್ತನಾಲ್ಕರ ಆಟದ ಪಕ್ಕದಲ್ಲಿ ಬರೆದಿದ್ದ: ‘ಲೋಕಣ್ಣನ ಫೋರ್‌ಮನ್ ಕಣ್ಣಾರೆ ನೋಡಿದ್ದು. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ.’

ಅವತ್ತು ನಾನು ಕಡೆದ ಎರಡು ಪೀಸು ಅಳತೆ ತಪ್ಪಿದವು.

ನವೆಂಬರಿನ ಒಂದು ಭಾನುವಾರ ರಾಂಚೊ ಬರ್ನಾರ್ಡೊದ ಬಾಡಿಗೆ ಸಭಾಂಗಣದಲ್ಲಿ ರಾಜ್ಯೋತ್ಸವ. ನನ್ನ ಮಗಳು ಅಕ್ಷಯಾ ಕಾರಿನಿಂದ ಇಳಿಯುವಾಗಲೇ, "ಡ್ಯಾಡ್, ಪ್ಲೀಸ್ ಡೋಂಟ್ ಯೆಲ್" ಎಂದಳು. ಶಿವರಾಮ ಆಗಲೇ ವೇದಿಕೆಯ ಮೇಲೆ ಕುಳಿತಿದ್ದ, ಪಂಚೆ, ಶಲ್ಯ. ನನ್ನನ್ನು ನೋಡಿ ತಲೆಯಾಡಿಸಿದ. ಪರಿಚಯ ಇರುವವರಿಗೆಲ್ಲ ಆಡಿಸುವಷ್ಟೇ ಆಡಿಸಿದ. ನಾನು ಎದುರಿಗೆ ಕುಳಿತೆ. ಮದ್ದಲೆಯವನು ಸಿಕ್ಕದೆ ತಬಲದವನನ್ನು ಕೂರಿಸಿದ್ದರು.

ಮೊದಲ ಪದ್ಯ ನನ್ನದು. ಇಡೀ ದೇಶದ ರಾಜರುಗಳ ಹೆಸರೆತ್ತಿದೆ. ಹಿಂದಿನ ಶತಮಾನದಲ್ಲಿ ಒಂದು ವರ್ಷವಿಡೀ ಎದುರಾಳಿಗೆ ಒಂದೂ ಪಾಯಿಂಟು ಕೊಡದ ಯೇಲ್, ನಲವತ್ತೇಳು ಆಟ ಸಾಲಾಗಿ ಗೆದ್ದ ಒಕ್ಲಹೋಮ, ನಾಟರ್ ಡೇಮ್, ಅಲಬಾಮ. "ಇವರೆಲ್ಲರ ಕಿರೀಟಗಳನ್ನು ನನ್ನ ಕಾಲ ಬುಡದಲ್ಲಿಟ್ಟು ಅಳೆದು ನೋಡಿ" ಎಂದೆ. ಹಿಂದಿನ ಸಾಲಿನ ಹುಡುಗರು ಎದ್ದು ಶಿಳ್ಳೆ ಹೊಡೆದರು. ಶಿವರಾಮನ ಮಗ ನಿತಿನ್, ತಂದೆಗೆ ಮೋಸ ಮಾಡುತ್ತ, ನನಗೇ ಚಪ್ಪಾಳೆ ತಟ್ಟಿದ.

ಆಮೇಲೆ ವಿಶ್ವೇಶ್ವರ ಶಿವರಾಮನ ಪದ್ಯ ಎತ್ತಿದ:

"ಕೇಳು ನೆಬ್ರಾಸ್ಕೇಶ ನಿನ್ನಯ
ಕಾಳಗದಿ ಕಾಲ್ಬಲವೆ ಸಾಲದು"

ಜನವರಿಯ ಮಾತು ವಿಶ್ವೇಶ್ವರನಿಗೆ ಗೊತ್ತಿರಲಿಲ್ಲ. ನೆಬ್ರಾಸ್ಕ ಓಡುವ ಟೀಮೆಂದು ಬರೆದಿದ್ದ, ಅಷ್ಟೆ. ಪದ್ಯದ ಅರ್ಥ ಹೇಳಬೇಕಾದರೆ ಶಿವರಾಮ ಕಾಲಿನ ಮಾತನ್ನು ಎತ್ತಲೇಬೇಕು, ಇನ್ನೂರು ಜನರ ಎದುರು, ನನ್ನ ಮುಖ ನೋಡಿಕೊಂಡು. ಮುಂದಿನ ಸಾಲಿನಲ್ಲಿ ವಿನೋದಾ ತಲೆ ತಗ್ಗಿಸಿದಳು.

ಶಿವರಾಮ ಶಲ್ಯ ಸರಿಮಾಡಿಕೊಂಡ. ಅವಸರವಿಲ್ಲದ ದನಿ ಅವನದು.

"ಅರಸರೇ, ನಿಮಗೆ ಕಾಲಿನ ಬಲ ಉಂಟು. ಅಲ್ಲ ಎನ್ನುವವರಾರು? ನೀವು ಓಡುವುದನ್ನು ಲೋಕವೇ ನೋಡಿದೆ. ನಾನೊಂದು ದಿನದ ಕತೆ ಹೇಳುತ್ತೇನೆ. ಎಪ್ಪತ್ತನಾಲ್ಕನೆಯ ಇಸವಿ. ನಾಟರ್ ಡೇಮಿನವರು ನನ್ನ ಅಂಗಳಕ್ಕೇ ಬಂದು ನನ್ನನ್ನು ಕೆಡವಿದರು. ಇಪ್ಪತ್ತನಾಲ್ಕು, ಸೊನ್ನೆ. ನೋಡಲು ಬಂದ ನನ್ನವರೇ ಮನೆಗೆ ಹೊರಟರು. ಇವನದು ಮುಗಿಯಿತು ಎಂದರು. ಆಮೇಲೆ ನಾನು ಎದ್ದೆ. ಐವತ್ತೈದು ಹೊಡೆದೆ, ಅವರಿಗೆ ಮತ್ತೊಂದು ಪಾಯಿಂಟು ಕೊಡಲಿಲ್ಲ. ಅರಸರೇ, ಓಡುವವನ ಬಲವನ್ನು ಎಲ್ಲರೂ ಬಲ್ಲರು. ಬಿದ್ದವನು ಏಳುವಾಗ ಎಲ್ಲಿಂದ ಬಲ ತರುತ್ತಾನೆ, ಅದು ನಿಮಗೆ ಗೊತ್ತೇ?"

ಉತ್ತರ ನನ್ನದು. ಬಾಯಿಪಾಠ ಮಾಡಿದ ಅಂಕಿಗಳೆಲ್ಲ ಎಲ್ಲಿ ಹೋದವೋ. ತಾಳಮದ್ದಲೆಯಲ್ಲಿ ಮಾತು ನಿಂತರೆ ಸೋಲು. ಮೂವತ್ತು ವರ್ಷದಲ್ಲಿ ನನ್ನ ಮಾತು ನಿಂತಿರಲಿಲ್ಲ. ತಬಲದವನು ಸುಮ್ಮನೆ ಎರಡು ಸಲ ಬೆರಳಾಡಿಸಿದ.

"ತಪ್ಪಾಯಿತು ಶಿವರಾಮ" ಎಂದೆ. ಮೈಕಿನಲ್ಲಿ.

ಕೂಟದ ನಡುವೆ ಎದುರಿನವನನ್ನು ಅವನ ಸ್ವಂತ ಹೆಸರಿನಿಂದ ಕರೆಯುವುದು ದೊಡ್ಡ ಅಪಚಾರ. ಮಾಸ್ತರರಿದ್ದಿದ್ದರೆ ಬೆತ್ತ ಬೀಳುತ್ತಿತ್ತು.

ಶಿವರಾಮ ಒಂದು ಗಳಿಗೆ ನನ್ನನ್ನು ನೋಡಿದ. ಕನ್ನಡಕ ತೆಗೆದು ಶಲ್ಯದಲ್ಲಿ ಒರೆಸಿ ಮತ್ತೆ ಹಾಕಿಕೊಂಡ.

"ಶಿವರಾಮ ಯಾರು ಅರಸರೇ? ಇಲ್ಲಿ ಆ ಹೆಸರಿನವರು ಯಾರನ್ನೂ ಕಾಣೆ. ತಪ್ಪಾಯಿತು ಎಂಬ ಮಾತು ನಿಮ್ಮ ಪದ್ಯದಲ್ಲಿಯೂ ಇಲ್ಲ. ಇಷ್ಟು ಬೇಗ ನೆಬ್ರಾಸ್ಕ ಮಣಿಯಿತೆಂದು ತಿಳಿದರೆ ಲಿಂಕನ್ನಿನಲ್ಲಿ ಕೆಲವರು ವಿಷ ಕುಡಿದಾರು. ಉತ್ತರ ಕೊಡಿ."

ಮೊದಲು ನಕ್ಕವಳು ಕಲಾವತಿ. ಆಮೇಲೆ ಇಡೀ ಸಭೆ ನಕ್ಕಿತು. ಅವನು ಪಾತ್ರ ಬಿಡಲಿಲ್ಲ. ನನ್ನನ್ನೂ ಪಾತ್ರದೊಳಗೆ ಎಳೆದು ಕೂರಿಸಿದ. ಇನ್ನು ನಾನು ಕೈ ತಡೆದು ಹೊಡೆದರೆ ಅದೇ ಅವನಿಗೆ ಅವಮಾನ.

"ಟ್ರೋಜನ್ ದೊರೆಗಳೇ!" ಎಂದು ಗುಡುಗಿದೆ. ಅಕ್ಷಯಾ ಕಿವಿ ಮುಚ್ಚಿಕೊಂಡಳು. "ಬಿದ್ದು ಎದ್ದ ಕತೆ ಹೇಳಿದಿರಿ, ಒಳ್ಳೆಯದು. ನಾವು ಎರಡು ವರ್ಷ ಬೀಳಲೇ ಇಲ್ಲವಲ್ಲ, ಏಳುವುದು ಹೇಗೆ? ಹೋದ ವರ್ಷ ಹನ್ನೆರಡು ಯುದ್ಧ, ಹನ್ನೆರಡೂ ಗೆಲುವು. ಹದಿನಾಲ್ಕು ಪಾಯಿಂಟಿಗಿಂತ ಹತ್ತಿರ ಬಂದ ಒಬ್ಬನ ಹೆಸರು ಹೇಳಿ! ಇಪ್ಪತ್ತೈದು ಆಟ ಸಾಲಾಗಿ ಗೆದ್ದವರು ನಾವು. ನಿಮ್ಮ ಐದು ಕಿರೀಟಕ್ಕೆ ಹದಿನೇಳು ವರ್ಷ ಬೇಕಾಯಿತು. ಅದು ಆಳ್ವಿಕೆಯೋ, ಬಸ್ಸಿಗೆ ಕಾದದ್ದೋ?"

"ಬೀಳಲೇ ಇಲ್ಲವೇ?" ಶಿವರಾಮ ಮುಂದಕ್ಕೆ ಬಾಗಿದ. "ಈ ಸೆಪ್ಟೆಂಬರಿನಲ್ಲಿ ಅರಿಜೋನದ ಮರಳಿನಲ್ಲಿ ಹತ್ತೊಂಬತ್ತು ಸೊನ್ನೆಯಾಗಿ ಮಲಗಿದ್ದು ಯಾರು? ನಿಮ್ಮ ಅಣ್ಣನೋ, ತಮ್ಮನೋ?"

ಅದನ್ನು ಹೇಳುವಾಗ ಅವನ ಮುಖ ಹಾಗಲಕಾಯಿ ಕಚ್ಚಿದ ಹಾಗಾಗಿತ್ತು. ಆ ದಿನ ಅವನು ಊಟವನ್ನೇ ಬಿಟ್ಟಿದ್ದನೆಂದು ಕಲಾವತಿ ಆಮೇಲೆ ಹೇಳಿದಳು. ಒಂದೂಕಾಲು ಗಂಟೆ ಕಾದಾಡಿದೆವು. ವಿಶ್ವೇಶ್ವರ ಮಂಗಳ ಹಾಡಿ ನಿಲ್ಲಿಸದಿದ್ದರೆ ಊಟಕ್ಕೆ ಮಾಡಿಟ್ಟ ಪತ್ರೊಡೆ ಹಳಸುತ್ತಿತ್ತು. ಒಬ್ಬ ಹುಡುಗನೂ ಪಾರ್ಕಿಂಗ್ ಲಾಟಿಗೆ ಹೋಗಿರಲಿಲ್ಲ.

ಊಟದಲ್ಲಿ ಪಕ್ಕದಲ್ಲೇ ಕುಳಿತೆವು. ಜನವರಿಯ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಫೈಲು ಚಾಚಿದೆ. ಅದರ ಮೇಲೆ ನನ್ನ ಶಾಪಿನ ಎಣ್ಣೆಯ ಬೆರಳಚ್ಚು ಬಿದ್ದಿತ್ತು. ಅದನ್ನು ನೋಡಿ, "ನೀವೇ ಇಟ್ಟುಕೊಳ್ಳಿ, ನೀವೀಗ ನೆಬ್ರಾಸ್ಕ" ಎಂದ.

ಮರುದಿನ ಸಂಜೆ ನಾನು ಕೆಲಸದಿಂದ ಬಂದು ಕೈ ತೊಳೆಯುತ್ತಿದ್ದಾಗ ಫೋನ್ ಬಂತು. ವಿನೋದಾ ತೆಗೆದುಕೊಂಡು ಕೇಳಿ, ಬಾಯಿಗೆ ಸೆರಗು ಒತ್ತಿ, ರಿಸೀವರನ್ನು ನನ್ನ ಕಡೆ ಹಿಡಿದಳು. "ನೆಬ್ರಾಸ್ಕದ ಅರಸರು ಇದ್ದಾರಾ ಅಂತೆ."

"ಇದ್ದೇನೆ. ಹೇಳು."

"ನಿಮ್ಮ ಲೆಕ್ಕ ತಪ್ಪು ಅರಸರೇ. ಇಪ್ಪತ್ತೈದಲ್ಲ, ಇಪ್ಪತ್ತಾರು. ಈ ವರ್ಷದ ಮೊದಲ ಆಟ ಬಿಟ್ಟಿದ್ದೀರಿ."

"ಫೈಲಿನಲ್ಲಿ ಇದ್ದದ್ದು ಇಪ್ಪತ್ತೈದು."

"ಫೈಲು ಜನವರಿಯಲ್ಲಿ ನಿಂತಿತಲ್ಲ, ಲೋಕಣ್ಣ."

ಮೇಜಿನ ಮೇಲಿದ್ದ ನೀಲಿ ಫೈಲನ್ನು ಮೊಣಕೈಯಿಂದ ಹತ್ತಿರ ಎಳೆದುಕೊಂಡೆ. "ಸಭೆಯಲ್ಲೇ ಹೇಳಲಿಕ್ಕೆ ಎಂತ ಆಗಿತ್ತು ನಿನಗೆ?"

"ವೈರಿಗೆ ಗೆಲುವು ಕಡಿಮೆ ಬಿದ್ದರೆ ನಾನ್ಯಾಕೆ ತಿದ್ದಲಿ? ನಾನು ಟ್ರೋಜನ್. ಪೆನ್ಸಿಲ್ ಉಂಟಾ ಹತ್ತಿರ? ತಕೊಳ್ಳಿ. ಸೆಪ್ಟೆಂಬರ್ ಏಳು, ಮಿಶಿಗನ್ ಸ್ಟೇಟ್, ಐವತ್ತೈದು, ಹದಿನಾಲ್ಕು."

ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು, ಅವನ ಮುತ್ತಿನಂಥ ಅಕ್ಷರಗಳ ಕೆಳಗೆ, ನನ್ನ ಕಾಗೆ ಕಾಲಿನ ಅಕ್ಷರದಲ್ಲಿ ಬರೆದುಕೊಂಡೆ.

"ಬರೆದೆ. ಮುಂದೆ ಹೇಳು" ಎಂದೆ.