ಒಣಗದ ಕೂದಲು

ನಮ್ಮ ತೊಕಿಕೊ ಅಮ್ಮಣ್ಣಿಗೆ ಎದೆಹಾಲು ಕೊಟ್ಟವಳು ನಾನು. ಅವಳ ತಲೆಗೆ ಇವತ್ತಿನವರೆಗೂ ಬಾಚಣಿಗೆ ಹಾಕುವವಳೂ ನಾನೇ. ಆಳೆತ್ತರದ ಕೂದಲು, ನನ್ನ ಕೈಯಲ್ಲೇ ಬೆಳೆದದ್ದು. ಅದನ್ನು ಕತ್ತರಿಸಿ ಸನ್ಯಾಸಿನಿಯಾಗುತ್ತೇನೆ ಎಂದು ಅವಳು ಹಟ ಹಿಡಿದಾಗ ಬೇಡವೇ ಬೇಡ ಎಂದೆ.

ಕಡಲಾಚೆಯ ತೊಸಾ ಸೀಮೆಯಿಂದ ರಾಜಧಾನಿಗೆ ಮರಳುತ್ತಿದ್ದ ಅವಳ ಗಂಡ ಸುಕೆಹಿರನ ದೋಣಿ ಬಿರುಗಾಳಿಗೆ ಸಿಕ್ಕಿತೆಂದು ಸುದ್ದಿ ಬಂದಿತ್ತು. ದೋಣಿ ಮುಳುಗಿದ್ದನ್ನು ಕಂಡವರು ಯಾರೂ ಇಲ್ಲ. ಆದರೆ ಅಮ್ಮಣ್ಣಿ ಚಿಕ್ಕಂದಿನಿಂದ ಓದಿದ್ದೆಲ್ಲ ಇಬ್ಬನಿ, ಉದುರುವ ಹೂವು, ನೀರಿನ ಮೇಲಿನ ಗುಳ್ಳೆ, ಬರೀ ಇಂಥ ಪದ್ಯಗಳೇ. ಎಲ್ಲವೂ ಅನಿತ್ಯವೆಂದು ನಂಬಿದವಳಿಗೆ ಅಷ್ಟು ಸುದ್ದಿಯೇ ಸಾಕಾಯಿತು. ಕತ್ತರಿಸಿದ ಕೂದಲಿಗೆ ಕಟ್ಟಲು ತಾನೂ ಒಂದು ಪದ್ಯ ಬರೆದಿಟ್ಟು, ಗುಡ್ಡದ ಗುಡಿಯ ಭಿಕ್ಷುವಿಗೆ ಹೇಳಿಕಳಿಸಿದಳು.

ಬೇಡವೆಂದರೆ ಕೇಳುವ ಜಾಯಮಾನ ಅವಳದಲ್ಲ. ಬುದ್ಧನಿಗೆ ಒಪ್ಪಿಸುವ ಕೂದಲನ್ನು ತೊಳೆಯದೆ ಕೊಡುವುದುಂಟೇ ಎಂದೆ ನಾನು. ಅದಕ್ಕೆ ಒಪ್ಪಿದಳು. ನಮ್ಮಲ್ಲಿ ತಲೆ ತೊಳೆಯುವುದೆಂದರೆ ಇಡೀ ದಿನದ ಕೆಲಸ. ಅದರಲ್ಲೂ ಐದನೇ ತಿಂಗಳ ಜಡಿಮಳೆ ಬೇರೆ. ಅಕ್ಕಿ ತೊಳೆದ ನೀರು ಹಾಕಿ ಹಾಕಿ ತೊಳೆದು, ಎರಚಲು ಬೀಳುವ ಬಾಗಿಲ ಕಡೆಗೇ ಕೂದಲನ್ನು ಹರಡಿದೆ. ಅಗ್ಗಿಷ್ಟಿಕೆಗೆ ತೇವ ಹಿಡಿದ ಇದ್ದಿಲು ತುಂಬಿದೆ.

ಭಿಕ್ಷು ಬಂದು ತೆರೆಯಾಚೆ ಕೂತ. ಒದ್ದೆ ಕೂದಲಿಗೆ ಕತ್ತರಿ ಹಾಕಬಾರದೆಂದು ನಾನು ಹೊಸ ಶಾಸ್ತ್ರವೊಂದನ್ನು ಹುಟ್ಟಿಸಿ ಹೇಳಿದರೆ, ಆ ಪುಣ್ಯಾತ್ಮ ಹೂಂಗುಟ್ಟಿ ತೂಕಡಿಸತೊಡಗಿದ. ಅಮ್ಮಣ್ಣಿ ಮಾತ್ರ ಗಳಿಗೆಗೊಮ್ಮೆ ಒಣಗಿತಾ, ಒಣಗಿತಾ ಎಂದು ಜೀವ ತಿಂದಳು. ಹಾಲು ಕೊಟ್ಟ ಸಲುಗೆಯಲ್ಲಿ ಗದರಿದೆ.

"ಎಲ್ಲಾ ಅನಿತ್ಯ ಅಂತೀಯಲ್ಲ, ಈ ಒದ್ದೇನೂ ಅನಿತ್ಯಾನೇ. ತಾನಾಗೇ ಹೋಗುತ್ತೆ, ಸುಮ್ನೆ ಕೂತ್ಕೋ."

ಸಂಜೆ ಸುಕೆಹಿರನ ಆಳು ತೊಯ್ದು ತೊಪ್ಪೆಯಾಗಿ ಓಡಿಬಂದ. ದೋಣಿ ಯಾವುದೋ ರೇವು ಹಿಡಿದು ಉಳಿದುಕೊಂಡಿತಂತೆ, ಒಡೆಯರ ಗಾಡಿ ಬೀದಿಯ ತಿರುವಿಗೆ ಬಂದಿದೆಯಂತೆ. ಅಬ್ಬಾ, ಹೋದ ಜೀವ ಬಂದಂತಾಯಿತು.

ಅಮ್ಮಣ್ಣಿ ಪದ್ಯದ ಕಾಗದ ಕೈಗೆತ್ತಿಕೊಂಡಳು. ಅದನ್ನು ಅಗ್ಗಿಷ್ಟಿಕೆಗೆ ಹಾಕಿ ಊದಿದಳು. ಒದ್ದೆ ಕೂದಲನ್ನೆಲ್ಲ ಬಾಚಿ ನನ್ನ ಮಡಿಲಿಗೆ ತಳ್ಳಿದಳು.

"ದಾದಮ್ಮಾ, ಬೇಗ ಒಣಗಿಸು. ಈ ಅವತಾರದಲ್ಲಿ ಅವರ ಮುಂದೆ ಹೇಗೆ ಹೋಗ್ಲಿ?"

ಬೆಳಗಿನಿಂದ ಬಚ್ಚಿಟ್ಟಿದ್ದ ಒಣ ಇದ್ದಿಲನ್ನು ಆಗ ಹೊರಗೆ ತೆಗೆದೆ.