ನೀರಿನ ಗಂಟೆ

ಗಂಟೆ, ಅಲ್ಲ, ಕುರಿಯ ಕೊರಳಿನದು, ಕಾಂಪೌಂಡಿನಾಚೆ ಮಂದೆ ಹೋಗುತ್ತಿದೆ, ಶಾಲೆಯದು ಇನ್ನೂ ಹೊಡೆದಿಲ್ಲ, ಹೊಡೆಯುತ್ತದೋ ಇಲ್ಲವೋ, ಮಕ್ಕಳಿಗೆ ಗಂಟೆ ಹೊಡೆದು ನೀರು ಕುಡಿಸುವ ನನ್ನ ಯೋಜನೆ ಮುಗಿದು ದಸರಾ ರಜೆಯೂ ಕಳೆದಿದೆ, ಯಾರಿಗೂ ಹೇಳದೆ ಯಗಟಿಯಲ್ಲಿ ಬಸ್ಸಿಳಿದು ನಡೆದು ಬಂದು ಈ ತೆಂಗಿನ ನೆರಳಲ್ಲಿ ನಿಂತಿದ್ದೇನೆ, ನಾನಿಲ್ಲದೆಯೂ ನಡೆದರೆ ಮಾತ್ರ ನಡೆದಂತೆ — ಬದಲಾವಣೆಯ ಸಿದ್ಧಾಂತ, ಸಮಾಜಕಾರ್ಯದ ಎಂ.ಎಸ್.ಡಬ್ಲ್ಯೂ ತರಗತಿಯಲ್ಲಿ ಬರೆದುಕೊಂಡದ್ದು, ಗಟ್ಟಿಯಾದದ್ದನ್ನು ಕರಗಿಸು, ಬದಲಿಸು, ಮತ್ತೆ ಗಟ್ಟಿಯಾಗಲು ಬಿಡು, ಮಂಜುಗಡ್ಡೆಯ ಚಿತ್ರ, ಈ ಬಿಸಿಲಲ್ಲಿ ಮಂಜುಗಡ್ಡೆ. ಜೂನ್‌ನಲ್ಲಿ ಎಷ್ಟು ಮಾತಾಡಿದೆ, ಚಾರ್ಟು, ಹಾಡು, ನೀರು ಕುಡಿಯದಿದ್ದರೆ ಉರಿಮೂತ್ರ, ತಲೆನೋವು, ನೀರಿನ ಗಂಟೆ ಹೊಡೆದಾಗ ಹುಡುಗಿಯರೆಲ್ಲ ಬಾಟಲಿ ಎತ್ತಿದರು, ಎಷ್ಟು ಚಂದ, ಸಂಜೆ ಏಳನೇ ಕ್ಲಾಸಿನ ಧನ್ಯಶ್ರೀ ಗೇಟಿನಾಚೆ ಬೇಲಿಯ ಬುಡಕ್ಕೆ ಬಾಟಲಿ ಸುರಿಯುವವರೆಗೆ — ಕತ್ತಿನವರೆಗೂ ತುಂಬಿತ್ತು, ತುಟಿ ಮಾತ್ರ ಒದ್ದೆ ಮಾಡಿಕೊಂಡಿದ್ದಳು. ಪಕ್ಕದಲ್ಲಿ ಕೂತೆ, ಅವಳೇ ಹೇಳಿದಳು, ಟಾಯ್ಲೆಟ್ ಬೀಗದಕೈ ಹೆಡ್ಮೇಷ್ಟ್ರ ಕುರ್ಚಿ ಹಿಂದಿನ ಮೊಳೇಲೈತೆ ಮಿಸ್, ಗಂಡು ಮೇಷ್ಟ್ರೆಲ್ಲ ಅಲ್ಲೇ ಕೂತಿರ್ತಾರೆ, ಹೆಂಗೆ ಕೇಳೋದು. ಮೊಳೆ, ಒಂದು ಮೊಳೆ, ನಾನು ಕುಡಿ ಕುಡಿ ಎಂದು ತಳ್ಳುತ್ತಲೇ ಇದ್ದೆ, ತಡೆದು ನಿಂತದ್ದು ಅದು, ಅದೂ ಅದೇ ಪಾಠದಲ್ಲಿತ್ತು, ತಳ್ಳುವುದಕ್ಕಿಂತ ಮೊದಲು ತಡೆಯುವುದನ್ನು ತೆಗೆ.

ಹೆಡ್ಮೇಷ್ಟ್ರು ಜಯದೇವಪ್ಪ ಕೆಟ್ಟವರಲ್ಲ, ಊರವರ ಕೈಕಾಲು ಹಿಡಿದು ಕಟ್ಟಿಸಿದ ಶೌಚಾಲಯ, ಟೈಲ್ಸಿನ ಮೇಲೆ ಒಂದು ಕಲೆಯಿಲ್ಲ, ಬಂದವರಿಗೆಲ್ಲ ಬೀಗ ತೆಗೆದು ತೋರಿಸುವರು, ದೇವರ ಕೋಣೆಯ ಹಾಗೆ, ಬೀಗದಕೈ ಹೊರಗಿಡಿ ಸಾರ್ ಎಂದರೆ, ಮಕ್ಕಳ ಕೈಗೆ ಕೊಟ್ರೆ ಹಾಳ್ಮಾಡ್ತಾವೆ ಕಣಮ್ಮಾ, ನಿಂಗೇನು, ಯೋಜನೆ ಮುಗಿದ್ರೆ ಬಸ್ ಹತ್ತಿ ಹೋಗ್ತೀಯ. ಮಾರನೇ ಸಂಜೆ ಹುಡುಗಿಯ ಹೆಸರು ಹೇಳದೆ ಒಂದು ತುಂಬಿದ ಬಾಟಲಿಯನ್ನು ಅವರ ಮೇಜಿನ ಮೇಲಿಟ್ಟೆ, ಬೆಳಿಗ್ಗೆ ಮನೆಯಿಂದ ತಂದದ್ದು ಸಾರ್, ಅಷ್ಟೇ, ಅವರು ಬಾಟಲಿ ನೋಡಿದರು, ಗೋಡೆ ಗಡಿಯಾರ ನೋಡಿದರು, ಮರುದಿನ ಅವರೇ ಸುತ್ತಿಗೆ ಹಿಡಿದು ಹೊರಗೋಡೆಗೆ ಮೊಳೆ ಹೊಡೆದರು, ಬೀಗದಕೈ ಹುಡುಗಿಯರಿಗೆ ಎಟಕುವ ಹಾಗೆ, ಬೆರಳಿಗೂ ಒಂದು ಪೆಟ್ಟು, ನಗಬ್ಯಾಡ ಕಣಮ್ಮಾ. ರಜೆಯಲ್ಲಿ ಬೀಗದಕೈ ಮತ್ತೆ ಕುರ್ಚಿಯ ಹಿಂದೆ ಹೋಗಿದ್ದರೆ — ಗಂಟೆ, ಇದು ಶಾಲೆಯದೇ, ಒಂದೇ ಪೆಟ್ಟು, ನೀರಿನದು, ಬಾಟಲಿಗಳು ಏಳುತ್ತಿವೆ, ಅದು ಸಾಲದು, ಅಂದೂ ಎದ್ದಿದ್ದವು, ಗೋಡೆ ನೋಡು, ಮೊಳೆ ಇದೆ, ಬೀಗದಕೈ ಇಲ್ಲ, ಇಲ್ಲ — ಶೌಚಾಲಯದ ಬಾಗಿಲು ತೆರೆಯಿತು, ಧನ್ಯಶ್ರೀ, ಒದ್ದೆ ಕೈ ಲಂಗಕ್ಕೆ ಒರೆಸಿಕೊಳ್ಳುತ್ತ, ಬೀಗದಕೈ ಮೊಳೆಗೆ ತಗುಲುವ ಮೊದಲೇ ಇನ್ನೊಂದು ಕೈ ಕಿತ್ತುಕೊಂಡಿತು, ಲೇ ನಂದು ಕಣೇ ಸರದಿ, ನಾನು ಒಳಗೆ ಹೋಗುವುದಿಲ್ಲ, ಹೋಗಬೇಕಾಗಿಲ್ಲ, ಯಾರೂ ನನ್ನನ್ನು ನೋಡಿಲ್ಲ, ಬಿಸಿಲಿಗೆ ಹೊಳೆಯುತ್ತಿದೆ ಮೊಳೆ, ಖಾಲಿ ಮೊಳೆ