ಮಾಲಿಮರ ಸಂಜೆಪಾಠ

ಮಸೀದಿಯ ಗುರು ಮಾಲಿಮ್ ಬ್ವಾನಹೇರಿಯವರಿಗೆ ಸಕ್ಕರೆ ಕಾಯಿಲೆ ಬಂದು ವರ್ಷಗಳಾಗಿದ್ದವು, ಆದರೆ ಅವರು ರೋಗಿಯಾಗಿರಲಿಲ್ಲ. ರೋಗಿಗೆ ಉಪವಾಸದಿಂದ ವಿನಾಯಿತಿ ಇದೆ, ಬಿಟ್ಟ ದಿನಕ್ಕೊಬ್ಬ ಬಡವನಿಗೆ ಊಟ ಹಾಕಿದರೆ ಸಾಕು ಎಂದು ಲಾಮು ದ್ವೀಪದ ಮಸೀದಿಯಲ್ಲಿ ಪ್ರತಿ ರಂಜಾನಿನಲ್ಲೂ ಬಿಡಿಸಿ ಹೇಳುತ್ತಿದ್ದವರು ಅವರೇ. ಹೆಂಡತಿ ಬೀ ರಿಜಿಕಿ ಅದೇ ಮಾತನ್ನು ಅವರಿಗೆ ನೆನಪಿಸಿದಾಗ, ಅದು ಹಾಸಿಗೆ ಹಿಡಿದವರಿಗೆ, ನನಗೆ ಬರೇ ಸಕ್ಕರೆ, ಎಂದರು.

ಆಸ್ಪತ್ರೆಯ ನರ್ಸ್ ಝಾಕಿಯಾ ಉಪವಾಸವೇ ಬೇಡ ಎಂದಿದ್ದಳು. ಕೇಳದಿದ್ದಾಗ, ನಸುಕಿನ ಡಾಕು ಊಟದ ಇನ್ಸುಲಿನ್ ಅರ್ಧಕ್ಕಿಳಿಸಿ, ಮಧ್ಯಾಹ್ನ ಬೆರಳು ಚುಚ್ಚಿ ನೋಡಿಕೊಳ್ಳಿ, ಸಕ್ಕರೆ ಇಳಿದಿದ್ದರೆ ತಕ್ಷಣ ಉಪವಾಸ ಮುರಿಯಿರಿ ಎಂದಳು. "ಹೊಟ್ಟೆ ಖಾಲಿ ಅಂತ ಆ ಮದ್ದು ಸುಮ್ನೆ ಕೂರಲ್ಲ ಮಾಲಿಮ್. ರಕ್ತದಲ್ಲಿರೋದನ್ನೇ ತಿಂದು ಮುಗಿಸುತ್ತೆ."

ಮಾಲಿಮ್ ತಲೆಯಾಡಿಸಿದರು. ಮನೆಗೆ ಬಂದು ತಮ್ಮದೇ ರೀತಿಯಲ್ಲಿ ಅರ್ಥ ಮಾಡಿಕೊಂಡರು. ಡಾಕು ಎಂದರೆ ಬೆಳಗಿನ ಊಟ. ಬೆಳಗಿನ ಊಟಕ್ಕೆ ಬೆಳಗಿನ ಮದ್ದು, ಪೂರ್ತಿ. ಬೆರಳು ಚುಚ್ಚುವುದಂತೂ ಆಗದು, ಉಪವಾಸದಲ್ಲಿ ರಕ್ತ ಹರಿಸಬಾರದು. ಚುಚ್ಚಿದರೆ ಉಪವಾಸ ಮುರಿಯುವುದಿಲ್ಲವೆಂದು ದೊಡ್ಡ ಪಂಡಿತರೇ ಹೇಳಿದ್ದಾರಲ್ಲ ಎಂದು ಹೆಂಡತಿ ಕೇಳಿದರೆ, ಪಂಡಿತರಲ್ಲಿ ಭಿನ್ನಾಭಿಪ್ರಾಯವಿದೆ ಎಂದರು. ಭಿನ್ನವಾಗಿದ್ದ ಪಂಡಿತರು ಯಾರೆಂದು ಹೇಳಲಿಲ್ಲ. ರಕ್ತ ನೋಡುವ ಯಂತ್ರ ಕಪಾಟಿನಲ್ಲಿ ಅತ್ತರಿನ ಪಕ್ಕ ಕುಳಿತಿತು.

ರಂಜಾನಿನ ಒಂದು ದಿನ ಸಂಜೆಮುಂದೆ ಬೀ ರಿಜಿಕಿ ಅಡುಗೆಮನೆಯಲ್ಲಿ ಕೈಮಾತಿ ಉಂಡೆಗಳನ್ನು ಕರಿದು ಸಕ್ಕರೆ ಪಾಕಕ್ಕೆ ಹಾಕುತ್ತಿದ್ದಳು. ಮಸೀದಿಯ ಮೈಕಿನಲ್ಲಿ ಗಂಡನ ಪಾಠ ಬರುತ್ತಿತ್ತು. ಆಕೆಗೆ ಅಕ್ಷರ ಬಾರದು. ಆದರೆ ತಂದೆಯ ಕುರಾನ್ ಪಠಣ ಕೇಳುತ್ತಲೇ ಬೆಳೆದವಳು, ಯಾವ ಸಾಲಿನ ನಂತರ ಯಾವುದು ಎಂಬುದು ಕಿವಿಗೇ ಗೊತ್ತಿತ್ತು. ಮಾಲಿಮ್ ಒಂದು ಸಾಲು ಮುಗಿಸಿ, ಮತ್ತೆ ಅದನ್ನೇ ಎತ್ತಿಕೊಂಡರು. ಆಕೆಯ ಕೈ ನಿಧಾನವಾಯಿತು. ಮೂರನೆಯ ಸಲವೂ ಅದೇ ಸಾಲು ಬಂತು.

ಪಠಣ ತಪ್ಪಿದರೆ ಮುಂದೆ ಕುಳಿತವರು ಮೆಲ್ಲಗೆ ಎತ್ತಿಕೊಡುವುದು ಅಲ್ಲಿನ ರೂಢಿ. ದೋಣಿ ಕಟ್ಟುವ ಮುದುಕ ಕೊಂಬೊ ಎತ್ತಿಕೊಟ್ಟ.

"ನನಗೆ ಕಲಿಸೋಕೆ ಬಂದವನು ಯಾರೋ?" ಎಂದು ಮೈಕು ಗುಡುಗಿತು.

ಮಾಲಿಮ್ ಪಾಠದಲ್ಲಿ ಯಾರನ್ನೂ ಗದರಿದವರಲ್ಲ. ಹಾಗೆ ರೇಗಿದ್ದು ಒಮ್ಮೆ ಮನೆಯಲ್ಲಿ, ಬೆವರಿ ನಡುಗಿ ಕುಸಿದು ಬೀಳುವ ಮುಂಚೆ. ಬೀ ರಿಜಿಕಿ ಒಲೆ ಆರಿಸಿ, ಪಾಕಕ್ಕೆ ನೀರು ಬೆರೆಸಿ ಹೂಜಿಗೆ ತುಂಬಿದಳು. ಕಪ್ಪು ಬುಯಿಬುಯಿ ಮೇಲೆಳೆದುಕೊಂಡು ಓಡಿದಳು. ಹೆಂಗಸರ ಬಾಗಿಲು ಹಿಂದಿನ ಓಣಿಯಲ್ಲಿ. ಆಕೆ ಗಂಡಸರ ಬಾಗಿಲಿನಿಂದಲೇ ಒಳಗೆ ಹೋದಳು. ಗಂಡಸರು ಕಾಲು ಮಡಚಿಕೊಂಡು ದಾರಿ ಬಿಟ್ಟರು.

ಮಾಲಿಮರ ಗಡ್ಡದಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಕುಡೀರಿ, ಮಾಲಿಮ್."

"ಸೂರ್ಯ ಇನ್ನೂ ಇದಾನೆ."

"ಅವನು ಇರ್ತಾನೆ. ನೀವು ಇರೋದು ನೋಡ್ಕೊಳ್ಳಿ."

"ಜನ ನೋಡ್ತಿದಾರೆ ಕಣೇ."

"ನೀವು ಬಿದ್ರೂ ನೋಡ್ತಾರೆ."

ಮೈಕು ಆರಿಸಿರಲಿಲ್ಲ. ಊರಿನ ಅಡುಗೆಮನೆಗಳಲ್ಲೆಲ್ಲ ಸೌಟುಗಳು ನಿಂತವು. ಜೀವಮಾನವೆಲ್ಲ ಇನ್ನೊಬ್ಬರ ಉಪವಾಸ ಕಾದ ಮನುಷ್ಯ ಹಗಲಿನಲ್ಲಿ, ಮಸೀದಿಯೊಳಗೆ, ಶಿಷ್ಯರೆದುರು ಬಾಯಿ ತೆರೆಯಬೇಕಿತ್ತು. ಅವರು ಎದ್ದು ಹೊರಗೆ ಹೋಗಲು ನೋಡಿದರು, ಕಾಲು ಬರಲಿಲ್ಲ. ಮತ್ತೆ ಕುಳಿತು, ಎರಡೂ ಕೈಯಲ್ಲಿ ಹೂಜಿ ಹಿಡಿದು ಕುಡಿದರು. ಒಂದೊಂದು ಗುಟುಕೂ ಊರಿಗೆಲ್ಲ ಸ್ಪಷ್ಟವಾಗಿ ಕೇಳಿಸಿತು.

ಸ್ವಲ್ಪ ಹೊತ್ತಿಗೆ ಬೆವರು ನಿಂತಿತು, ನಾಲಗೆ ತಿರುಗಿತು. ಮಾಲಿಮ್ ತಲೆ ಎತ್ತದೆ, ಎಲ್ಲಿಗೆ ನಿಲ್ಲಿಸಿದ್ದೆ ಎಂದು ಕೇಳಿದರು. ಕೊಂಬೊ ಸಾಲನ್ನು ಹೇಳಲಿಲ್ಲ. ಅವನ ಕಣ್ಣು ಹೂಜಿಯ ಮೇಲಿತ್ತು, ತುಟಿ ಬಿಳಚಿತ್ತು.

"ಮಾಲಿಮ್, ಅದರಲ್ಲಿ ಇನ್ನೂ ಉಳಿದಿದೆಯಾ?"

ಮಾಲಿಮ್ ಅವನನ್ನು ದಿಟ್ಟಿಸಿದರು. "ನಿನಗೂ ಸಕ್ಕರೆನಾ?"

"ನನ್ನ ಹೆಂಡತಿಗೆ ಮಾತ್ರ ಗೊತ್ತು."

ಮೈಕಿನ ದೆಸೆಯಿಂದ ಅದು ಈಗ ಎಲ್ಲರಿಗೂ ಗೊತ್ತಾಗಿತ್ತು. ಮಾಲಿಮ್ ಹೂಜಿಯನ್ನು ಅವನತ್ತ ಸರಿಸಿದರು. ಕೊಂಬೊ ಕುಡಿದು ಮುಗಿಸುವಷ್ಟರಲ್ಲಿ ಹಿಂದಿನ ಕಂಬದ ಹತ್ತಿರ ಯಾರೋ ಕೆಮ್ಮಿದರು. ಇನ್ನೊಬ್ಬ ಚಾಪೆಯ ಅಂಚು ಕೀಳತೊಡಗಿದ.

"ಇನ್ನು ಯಾರ್ಯಾರಿಗೆ?" ಎಂದು ಮಾಲಿಮ್ ಪಾಠದ ದನಿಯಲ್ಲೇ ಕೇಳಿದರು.

ಕೈಗಳು ಒಂದೊಂದಾಗಿ ಮೇಲೆದ್ದವು. ಬೀ ರಿಜಿಕಿ ಎಣಿಸಲು ನಿಲ್ಲದೆ, ಉಳಿದ ಪಾಕವನ್ನೆಲ್ಲ ತರಲು ಮನೆಗೆ ಹೊರಟಳು.